ಎಡಹೆಗಲ ಮೇಲಿನ ಕರಿಹೊದಿಕೆ

"ಮೇಲಿನ ಸಾಲಲ್ಲಿ ಹದಿನೇಳು ಸುರುಳಿ ಇರಬೇಕು ಮಾಮ. ಹದಿನಾರೇ ಇವೆ."

ಬಣ್ಣದ ಮಾಮ ಏಣಿಯ ಮೇಲಿನಿಂದಲೇ ತಿರುಗಿ ನೋಡಿದ. ಇನ್ನು ಕಾಲು ಗಂಟೆಯಲ್ಲಿ ಬೂದಿಯಾಗುವ ಕಪಾಟಿನಲ್ಲಿ ಒಂದು ಸುರುಳಿ ಕಡಿಮೆಯಾದರೆ ಯಾರ ಗಂಟು ಹೋಗುತ್ತದೆ ಎಂದು ಗೊಣಗಿದ. ಗೊಣಗಿದರೂ ಕೆಳಗಿಳಿದು, ನೋಯುವ ಮಂಡಿಯನ್ನು ಒತ್ತಿಕೊಂಡು, ಬುಟ್ಟಿಯಿಂದ ಇನ್ನೊಂದನ್ನು ಎತ್ತಿಕೊಂಡು ಮತ್ತೆ ಹತ್ತಿದ. ನೋಟ್‌ಬುಕ್ಕಮ್ಮ ಇಲ್ಲ ಎಂದರೆ ಇಲ್ಲ, ಇದೆ ಎಂದರೆ ಇದೆ. ಆ ಯೂನಿಟ್ಟಿನಲ್ಲಿ ನಿರ್ದೇಶಕರೂ ಅದಕ್ಕೆ ಎದುರಾಡುತ್ತಿರಲಿಲ್ಲ.

ಅವಳ ಕೆಲಸ ಕಂಟಿನ್ಯೂಟಿ. ನಿನ್ನೆಯ ಶಾಟಿನಲ್ಲಿ ನಾಯಕಿಯ ಬಳೆ ಎಡಗೈಯಲ್ಲಿದ್ದರೆ ಇವತ್ತೂ ಅಲ್ಲೇ ಇರಬೇಕು, ಅರ್ಧ ಉರಿದ ದೀಪ ಮುಂದಿನ ಶಾಟಿನಲ್ಲಿ ಎಣ್ಣೆ ತುಂಬಿಕೊಂಡು ಕೂತಿರಬಾರದು. ಎಲ್ಲದರ ಫೋಟೊ ತೆಗೆದು ದಪ್ಪ ನೋಟ್‌ಬುಕ್ಕಿಗೆ ಅಂಟಿಸುತ್ತಾಳೆ, ತಪ್ಪಿದ ಕಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಾಳೆ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಸಿನಿಮಾ ಪ್ರಾಚೀನ ಕಾಲದ್ದು. ನಕ್ಷತ್ರಗಳ ಲೆಕ್ಕ ಕಲಿಸುವ ಒಬ್ಬ ಪಂಡಿತೆ, ಅವಳ ಗ್ರಂಥಾಲಯ, ಅದು ಪಾಪದ ಮನೆ ಎಂದು ನಂಬಿದ ಹೊಸ ಮತದವರ ಒಂದು ಗುಂಪು. ಕೊನೆಗೆ ಗುಂಪು ಬಾಗಿಲು ಮುರಿದು ನುಗ್ಗುತ್ತದೆ, ಸಾವಿರಾರು ಗ್ರಂಥಗಳಿಗೆ ಬೆಂಕಿ ಬೀಳುತ್ತದೆ. ಕಥೆ ಅಷ್ಟೇ. ಆದರೆ ಹದಿನೆಂಟು ದಿನದ ಹಿಂದೆ ಇದೇ ದೃಶ್ಯಕ್ಕೆ ಕಟ್ಟಿದ್ದ ಇಂಥದೇ ಸೆಟ್ಟಿನೊಳಗೆ ಅವಳ ಸ್ವಂತ ಅಣ್ಣ ಬೆಂದು ಸತ್ತಿದ್ದ.

ಅಣ್ಣ ಹಳೆಯ ಲಿಪಿಗಳನ್ನು ಓದಬಲ್ಲ ಮೇಷ್ಟ್ರು. ಈ ಸಿನಿಮಾಕ್ಕೆ ಸಲಹೆಗಾರ. ಆ ದಿನ ಶಾಟ್ ಇನ್ನೇನು ಶುರುವಾಗಬೇಕು ಎನ್ನುವಾಗ ಹಿಂಬಾಗಿಲಿನಿಂದ ಒಳಗೆ ಹೋಗಿದ್ದ. ವೈದ್ಯದ ಸುರುಳಿಗಳನ್ನು ಯಾರೋ ಗಣಿತದ ಕಪಾಟಿನಲ್ಲಿ ಇಟ್ಟಿದ್ದಾರೆ ಎಂದು ಬೆಳಗಿನಿಂದ ಚಡಪಡಿಸುತ್ತಿದ್ದ. ಸುಟ್ಟುಹೋಗುವ ಗ್ರಂಥಾಲಯದಲ್ಲೂ ಪುಸ್ತಕ ತಪ್ಪು ಜಾಗದಲ್ಲಿ ಇರಬಾರದು, ಅಂಥ ಮನುಷ್ಯ. ಮುಂಬಾಗಿಲಿಗೆ ಹೊರಗಿನಿಂದ ಹಲಗೆ ಜಡಿದಿತ್ತು, ಕ್ಯಾಮೆರಾದ ಮುಂದೆ ಮುರಿಯಲೆಂದು. ಇದ್ದದ್ದು ಹಿಂಬಾಗಿಲು ಒಂದೇ. ಅದಕ್ಕೆ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದರು.

ಅವನು ಕೂಗಿಕೊಂಡಿರಲೇಬೇಕು. ಆದರೆ ಹೊರಗೆ ಕೂಲಿಗೆ ಬಂದ ಇನ್ನೂರು ಜನ "ಸುಡಿ, ಸುಡಿ" ಎಂದು ಗಂಟಲು ಹರಿಯುವಂತೆ ಕಿರುಚುತ್ತಿದ್ದರು. ಇನ್ನೂರು ಸುಳ್ಳು ಕೂಗಿನ ನಡುವೆ ಒಂದು ನಿಜವಾದ ಕೂಗು ಯಾರಿಗೂ ಕೇಳಿಸಲಿಲ್ಲ. ಶಾಟ್ ಚೆನ್ನಾಗಿ ಬಂತೆಂದು ಜನ ಚಪ್ಪಾಳೆಯನ್ನೂ ತಟ್ಟಿದ್ದರು, ಇವಳೂ ತಟ್ಟಿದ್ದಳು. ಅದನ್ನು ನೆನೆದಾಗೆಲ್ಲ ಅವಳಿಗೆ ತನ್ನ ಕೈಗಳನ್ನೇ ಕತ್ತರಿಸಿ ಎಸೆಯಬೇಕು ಅನ್ನಿಸುತ್ತಿತ್ತು.

ನಿರ್ಮಾಪಕರಿಗೆ ಮಾತ್ರ ಸಾವಿನಲ್ಲೂ ಲಾಭ ಕಂಡಿತು. 'ಗ್ರಂಥಕ್ಕಾಗಿ ಪ್ರಾಣ ಕೊಟ್ಟ ಪಂಡಿತ' ಎಂದು ಪೋಸ್ಟರು ಅಂಟಿಸಿದರು, ಸಾವು ಸೇರಿದ ಶಾಟನ್ನು ಬಳಸುವಂತಿಲ್ಲವೆಂದು ಸೆಟ್ಟನ್ನು ಮತ್ತೆ ಕಟ್ಟಿಸಿದರು. ಅತ್ತಿಗೆ ಆ ಪೋಸ್ಟರನ್ನು ಬೀದಿಯ ಗೋಡೆಯಿಂದ ಉಗುರಿನಲ್ಲಿ ಕೆರೆದು ತೆಗೆದಳು. ಮನೆಗೆ ಬಂದು ಊಟ ಬಡಿಸುತ್ತ, ಅಗುಳಿ ಹಾಕಿದವನು ಯಾರೆಂದು ಗೊತ್ತಾದ ದಿನ ಮೊದಲು ತನಗೆ ಹೇಳಬೇಕು, ಪೊಲೀಸರಿಗೆ ಆಮೇಲೆ ಎಂದಳು. ಇವಳು ಆಗಲಿ ಎಂದಿದ್ದಳು.

ಪೊಲೀಸರಿಗೆ ಗೊತ್ತಾಗಿಯೂ ಹೋಗಿತ್ತು, ಅವರ ಲೆಕ್ಕದಲ್ಲಿ. ಚಿತ್ರೀಕರಣದ ಮೊದಲ ದಿನದಿಂದ ಒಬ್ಬ ಗೇಟಿನ ಮುಂದೆ ಕೈಮೈಕು ಹಿಡಿದು ನಿಲ್ಲುತ್ತಿದ್ದ. ಇದು ನಮ್ಮ ಧರ್ಮಕ್ಕೆ ಮಸಿ ಬಳಿಯುವ ಸಿನಿಮಾ, ಇದನ್ನು ತೆಗೆಯುವವರೆಲ್ಲ ಸುಟ್ಟುಹೋಗುತ್ತೀರಿ ಎಂದು ದಿನಾ ಶಾಪ ಹಾಕುತ್ತಿದ್ದ. ಯೂನಿಟ್ಟಿನವರು ಅವನಿಗೆ ಮೈಕಯ್ಯ ಎಂದು ಹೆಸರಿಟ್ಟು, ಬಿಸಿಲು ಹೆಚ್ಚಾದ ದಿನ ನೀರು ಕೊಡುತ್ತಿದ್ದರು. ಸಾವಾದ ಮರುದಿನವೇ ಇನ್‌ಸ್ಪೆಕ್ಟರು ಅವನನ್ನು ಎತ್ತಿಕೊಂಡು ಹೋದರು. ಸುಟ್ಟುಹೋಗುತ್ತೀರಿ ಎಂದವನು ಸುಡದೆ ಇರುತ್ತಾನೆಯೇ ಎಂಬುದು ಅವರ ಪತ್ತೇದಾರಿ.

ಇವಳ ಪತ್ತೇದಾರಿ ಬೇರೆ. ಆ ದಿನದ ಮೂರನೆಯ ಕ್ಯಾಮೆರಾ ಕ್ರೇನಿನ ಮೇಲಿತ್ತು, ಹೊಗೆ ಕವಿದು ಅದರ ಚಿತ್ರ ಪ್ರಯೋಜನಕ್ಕೆ ಬರಲಿಲ್ಲ ಎಂದು ಎಡಿಟರು ಮೂಲೆಗೆ ಹಾಕಿದ್ದರು. ಅದನ್ನು ಅವಳು ನಾಲ್ಕು ದಿನ ಕೂತು ಒಂದೊಂದೇ ಫ್ರೇಮಾಗಿ ನೋಡಿದಳು. ಹೊಗೆಯ ಸಂದಿಯಲ್ಲಿ ಹನ್ನೊಂದು ಸೆಕೆಂಡು ಹಿಂಬಾಗಿಲು ಕಾಣುತ್ತದೆ. ಕರಿಹೊದಿಕೆಯ ಒಬ್ಬ ಗುಂಪಿನಿಂದ ಬೇರೆಯಾಗಿ ಬರುತ್ತಾನೆ, ಅಗುಳಿ ಇಳಿಸುತ್ತಾನೆ, ಮತ್ತೆ ಹೊಗೆಯೊಳಗೆ ಹೋಗುತ್ತಾನೆ. ಮುಖ ಕಾಣುವುದಿಲ್ಲ. ಹೆಗಲು ಕಾಣುತ್ತದೆ.

ಗುಂಪಿನ ಇನ್ನೂರು ಜನರೂ ಕರಿಹೊದಿಕೆಯನ್ನು ಬಲಹೆಗಲ ಮೇಲೆ ಹೊದ್ದಿದ್ದರು. ಇವನೊಬ್ಬ ಎಡಹೆಗಲ ಮೇಲೆ. ಊರಿಗೊಂದು ದಾರಿ, ಎಡವಟ್ಟನಿಗೊಂದು ದಾರಿ.

ಇನ್‌ಸ್ಪೆಕ್ಟರಿಗೆ ತೋರಿಸಿದಾಗ ಅವರು ಖುಷಿಯಾದರು. ಹೊರಗಿನವನಿಗೆ ಯಾವ ಹೆಗಲೆಂದು ಹೇಗೆ ಗೊತ್ತಿರಬೇಕು, ಮೈಕಯ್ಯ ಹೊದಿಕೆ ಕದ್ದು ಹೊದ್ದುಕೊಂಡು ಒಳಗೆ ನುಗ್ಗಿದ್ದಾನೆ ಎಂದರು. ಅವಳು ಏನೋ ಹೇಳಲು ಹೋದಳು, ಅವರು ಚಹಾ ತರಿಸಿದರು. ಆ ಚಹಾ ಕುಡಿದು ಎದ್ದು ಬಂದ ಮೇಲೆ ಪೊಲೀಸರ ಹತ್ತಿರ ಮತ್ತೆ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡಳು.

ಏಕೆಂದರೆ ಹೊರಗಿನವನಾಗಿದ್ದರೆ ಕಂಬಳಿ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತಿದ್ದ, ಇಲ್ಲವೇ ಪಕ್ಕದವನನ್ನು ನೋಡಿ ಹೊದೆಯುತ್ತಿದ್ದ. ಈ ಮನುಷ್ಯನ ಹೊದಿಕೆಯಲ್ಲಿ ಮೂರು ಮಡಿಕೆ ಇದ್ದವು, ಸೆರಗಿನ ತುದಿ ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿತ್ತು. ಅದು ಅಚ್ಚುಕಟ್ಟಾದ ಹಳೆಯ ಕ್ರಮ. ಮೊದಲ ತಿಂಗಳೆಲ್ಲ ಗುಂಪಿನವರು ಹಾಗೆಯೇ ಹೊದೆಯುತ್ತಿದ್ದರು. ಗ್ರಂಥಾಲಯದ ಪಂಡಿತರ ಪಾತ್ರಗಳದೂ ಎಡಹೆಗಲೇ ಆದ್ದರಿಂದ ಮೇಲಿನಿಂದ ನೋಡಿದರೆ ಯಾರು ಹೊಡೆಯುವವರು, ಯಾರು ಹೊಡೆಸಿಕೊಳ್ಳುವವರು ಎಂದು ತಿಳಿಯುತ್ತಿರಲಿಲ್ಲ. ಬೆಂಕಿಯ ದಿನ ಬೆಳಿಗ್ಗೆ ಆರು ಗಂಟೆಗೆ ಇವಳೇ ನಿರ್ದೇಶಕರಿಗೆ ಹೇಳಿ ಬಲಹೆಗಲಿಗೆ ಬದಲಾಯಿಸಿದ್ದಳು. ಉಡುಪಿನ ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ ಪ್ರತಿಯೊಬ್ಬರಿಗೂ ಪಿನ್ನು ಹಾಕಿಸಿದ್ದಳು.

ಹಾಗಾದರೆ ಅವನಿಗೆ ಹಳೆಯದು ಚೆನ್ನಾಗಿ ಗೊತ್ತಿತ್ತು, ಆರು ಗಂಟೆಯ ಹೊಸದು ಗೊತ್ತಿರಲಿಲ್ಲ. ಅಂಥವರು ಯೂನಿಟ್ಟಿನಲ್ಲಿ ಎಷ್ಟು ಜನ? ಗುಂಪಿನ ನಾಯಕನ ಪಾತ್ರಧಾರಿ ಕೊಟ್ಟಿಗೆಗೆ ಬಂದಿರಲಿಲ್ಲ, ಆದರೆ ಶಾಟಿನುದ್ದಕ್ಕೂ ಮೊದಲ ಕ್ಯಾಮೆರಾದ ಮುಂದೆ ಕುದುರೆಯ ಮೇಲಿದ್ದ. ಕಿಡಿ, ಹೊಗೆ, ಗ್ಯಾಸು ನೋಡಿಕೊಳ್ಳುವ ಬೆಂಕಿಯಣ್ಣ ಬಂದಿರಲಿಲ್ಲ, ಆದರೆ ವಾಲ್ವಿನ ಹತ್ತಿರ ನಿಂತದ್ದನ್ನು ನಾಲ್ಕು ಜನ ನೋಡಿದ್ದರು. ಉಳಿದವನು ಒಬ್ಬನೇ. ಆ ಹಳೆಯ ಹೊದಿಕೆಯ ಚಿತ್ರ ಬರೆದು, ಮೂರು ಮಡಿಕೆ ಹೇಗೆ ಹಾಕಬೇಕೆಂದು ದರ್ಜಿಗೆ ಕಲಿಸಿದ ಕಲಾ ನಿರ್ದೇಶಕ. ಇಪ್ಪತ್ತು ವರ್ಷದಿಂದ ಅವಳು ಮಾಮ ಎಂದು ಕರೆಯುತ್ತ ಬಂದ, ಅಣ್ಣನ ಜೊತೆ ದಿನಾ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡುತ್ತಿದ್ದ ಬಣ್ಣದ ಮಾಮ.

ಆ ದಿನ ಅವನು ಎಲ್ಲಿದ್ದ ಎಂದು ಯಾರೂ ಕೇಳಲಿಲ್ಲ. ತಾನು ಕಟ್ಟಿದ್ದು ಸುಡುವುದನ್ನು ಅವನು ನೋಡುವುದಿಲ್ಲ, ಬೆಂಕಿಗೆ ಮುಂಚೆ ಹೊರಟುಬಿಡುತ್ತಾನೆ. ಅದು ಯೂನಿಟ್ಟಿಗೆಲ್ಲ ಗೊತ್ತಿದ್ದ ಹಳೆಯ ಅಭ್ಯಾಸ.

ಇವತ್ತೂ ಯಾರೂ ಕೇಳುವುದಿಲ್ಲ.

ಕಂಕುಳಲ್ಲಿದ್ದ ವಾಕಿಟಾಕಿ ಕರಕರ ಎಂದಿತು. ಸಾವಾದ ಮೇಲೆ ಬಂದ ನಿಯಮ ಅದು. ಬೆಂಕಿಗೆ ಹತ್ತು ನಿಮಿಷ ಇರುವಾಗ ಒಮ್ಮೆ, ಐದು ನಿಮಿಷ ಇರುವಾಗ ಒಮ್ಮೆ, ಕಡೆಗೊಮ್ಮೆ, ಒಳಗೆ ಯಾರೂ ಇಲ್ಲ ಎಂದು ಒಬ್ಬರು ನೋಡಿ ಹೇಳಬೇಕು. ಆ ಕೆಲಸವನ್ನು ಅವಳೇ ಕೇಳಿ ತೆಗೆದುಕೊಂಡಿದ್ದಳು, ದುಃಖಕ್ಕೆ ಕೇಳುತ್ತಿದ್ದಾಳೆ ಎಂದು ಎಲ್ಲರೂ ಮರುಗಿದರು. ಆ ವಾಕಿಟಾಕಿಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಬೆಂಕಿಯಣ್ಣ. ಅವಳು ಹೇಳಿದ್ದನ್ನು ಅವನು ಮೈದಾನದ ದೊಡ್ಡ ಮೈಕಿನಲ್ಲಿ ನಿರ್ದೇಶಕರಿಗೆ ಹೇಳಬೇಕು, ಆಮೇಲೆ ಗ್ಯಾಸು. ಅಣ್ಣನ ಹೆಣದ ಮುಂದೆ ಎಲ್ಲರಿಗಿಂತ ಹೆಚ್ಚು ಅತ್ತವನು ಬೆಂಕಿಯಣ್ಣ, ಅತ್ತಿಗೆಯ ಕಾಲು ಹಿಡಿದುಕೊಂಡಿದ್ದ.

"ಅಕ್ಕ, ಹತ್ತು ನಿಮಿಷ. ಒಳಗೆ ಯಾರಾದ್ರೂ ಇದ್ದಾರಾ?"

ಅವಳು ಏಣಿಯ ಮೇಲಿದ್ದವನನ್ನು ನೋಡುತ್ತಲೇ ಗುಂಡಿ ಒತ್ತಿದಳು. "ಒಳಗೆ ಯಾರೂ ಇಲ್ಲ."

ಮಾಮ ನಕ್ಕ. "ನಾವಿಬ್ಬರು ಮನುಷ್ಯರ ಲೆಕ್ಕಕ್ಕೇ ಇಲ್ಲ ಅನ್ನು."

"ಮಾಮ, ಆ ದಿನ ಕಂಟಿನ್ಯೂಟಿಯಲ್ಲಿ ಒಂದು ತಪ್ಪಾಗಿತ್ತು. ಅಗುಳಿ ಹಾಕಿದವನ ಹೆಗಲು ತಪ್ಪಾಗಿತ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಗಾದೆಗಳು ಇಷ್ಟು ನಿಯತ್ತಾಗಿ ನಡೆದುಕೊಳ್ಳುವುದನ್ನು ಅವಳು ಎಂದೂ ಕಂಡಿರಲಿಲ್ಲ. ಸುರುಳಿ ಹಿಡಿದ ಮಾಮನ ಕೈ ತಾನಾಗಿ ಮೇಲೆದ್ದು ಅವನ ಎಡಹೆಗಲ ಮೇಲೆ ಕೂತಿತು. ಕೂತ ಮೇಲೆ ಅವನಿಗೇ ಅದು ಗೊತ್ತಾಯಿತು. ಇಬ್ಬರೂ ಆ ಕೈಯನ್ನು ನೋಡಿದರು.

ಅವಳು ಹಿಂದೆ ಹಿಂದೆ ನಡೆದು ಹೊರಬಂದಳು. ಹಿಂಬಾಗಿಲು ಎಳೆದು ಅಗುಳಿ ಇಳಿಸಿದಳು. ತೇಗದ ಹೊಸ ಅಗುಳಿ, ಅವನೇ ಮಾಡಿಸಿದ್ದು, ಸಲೀಸಾಗಿ ಕೂತುಕೊಂಡಿತು. ಮಂಡಿ ನೋವಿನವನು ಏಣಿ ಇಳಿದು ಬಾಗಿಲಿಗೆ ಬರುವ ಹೊತ್ತಿಗೆ ಅವಳು ಬಾಗಿಲ ಜಾಲರಿಯ ಈಚೆ ನಿಂತು, ಆ ಮುಖದಲ್ಲಿ ಭಯ ಏರುವುದನ್ನು ಕಣ್ತುಂಬ ನೋಡಿದಳು. ಹದಿನೆಂಟು ದಿನದಲ್ಲಿ ಮೊದಲ ಸಲ ಅವಳಿಗೆ ಸರಿಯಾಗಿ ಉಸಿರಾಡಿದ ಹಾಗಾಯಿತು.

"ತಮಾಷೆ ಸಾಕು ಮಗಳೇ. ತೆಗಿ."

"ಮುಂಬಾಗಿಲು ಜಡಿದಿದೆ. ಕೂಗಿದರೆ ಇನ್ನೂರು ಜನ ನಿನಗಿಂತ ಜೋರಾಗಿ ಕೂಗ್ತಾರೆ. ಅಣ್ಣನಿಗೆ ಆದದ್ದೇ ನಿನಗೂ. ಒಂದು ಎಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಕಂಟಿನ್ಯೂಟಿ ನನ್ನ ಕೆಲಸ."

ಇಪ್ಪತ್ತು ವರ್ಷದ ಬಹುವಚನ ಅಷ್ಟರಲ್ಲಿ ಮುಗಿದಿತ್ತು. ಮಾಮ ಜಾಲರಿಗೆ ಬೆರಳು ಸಿಕ್ಕಿಸಿ ಬಾಗಿಲನ್ನು ಅಲ್ಲಾಡಿಸಿದ. ತಾನು ಕಟ್ಟಿಸಿದ ಬಾಗಿಲು ಎಷ್ಟು ಗಟ್ಟಿ ಎಂದು ಅವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಬೇಡಿಕೊಂಡ, ಬೈದ, ಮತ್ತೆ ಬೇಡಿಕೊಂಡ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಮೈದಾನದ ಆ ಕಡೆ ಸಹಾಯಕ ನಿರ್ದೇಶಕ ಗುಂಪನ್ನು ಸಾಲು ನಿಲ್ಲಿಸುತ್ತಿದ್ದದ್ದು ಕೇಳಿಸುತ್ತಿತ್ತು.

"ಐದು ನಿಮಿಷ ಅಕ್ಕ. ಒಳಗೆ?"

"ಒಳಗೆ ಯಾರೂ ಇಲ್ಲ" ಎಂದಳು. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಸುಲಭವಾಗಿತ್ತು.

ಮಾಮ ಬಾಗಿಲಿಗೆ ಒರಗಿ ನೆಲಕ್ಕೆ ಕುಸಿದ. ಜಾಲರಿಯಲ್ಲಿ ಈಗ ಅವನ ನರೆತ ತಲೆ ಮಾತ್ರ ಕಾಣುತ್ತಿತ್ತು.

"ಯಾಕೆ ಅಂತ ಮಾತ್ರ ಹೇಳು" ಎಂದಳು. "ಅಣ್ಣ ನಿನಗೆ ಏನು ಮಾಡಿದ್ದ? ನಿನ್ನ ಡಬ್ಬಿ ಖಾಲಿ ಇದ್ದ ದಿನ ತನ್ನ ಡಬ್ಬಿಯಲ್ಲಿ ಅರ್ಧ ಕೊಡ್ತಿದ್ದ."

"ಮೇಷ್ಟ್ರ ಮೇಲೆ ನನಗೇನು ದ್ವೇಷ?" ತಲೆ ಎತ್ತದೆ ಹೇಳಿದ. "ನಾನು ಅಗುಳಿ ಹಾಕಿದ್ದು ಅವನಿಗಲ್ಲ. ನಿನಗೆ."

ಅವಳಿಗೆ ಕೇಳಿಸಿದ್ದು ತಲೆಗೆ ಇಳಿಯಲು ಹೊತ್ತು ಹಿಡಿಯಿತು.

"ಬೆಂಕಿಗೆ ಮುಂಚೆ ಕೊನೆಗೆ ಕಪಾಟಿನ ಫೋಟೊ ತೆಗೆಯೋಕೆ ಒಳಗೆ ಹೋಗೋಳು ನೀನು. ಆ ದಿನ ಹಳದಿ ಕೋಟು ಒಳಗೆ ಹೋದದ್ದು ಕಂಡೆ. ಯೂನಿಟ್ಟಲ್ಲಿ ಹಳದಿ ಕೋಟು ನಿನ್ನದೊಂದೇ."

ಹೌದು, ಒಂದೇ. ಬೆಂಕಿಗೆ ಮುಂಚೆ ಆ ಕೋಟಾಗಲಿ ಗುಂಪಿನ ಹೊದಿಕೆಯಾಗಲಿ ಇಲ್ಲದವರನ್ನು ಕಾವಲಿನವರು ಹಗ್ಗದ ಈಚೆ ಬಿಡುತ್ತಿರಲಿಲ್ಲ. ಅಣ್ಣ ಚಡಪಡಿಸುವುದನ್ನು ನೋಡಲಾರದೆ, ಕಪಾಟು ಸರಿ ಮಾಡಿ ಬೇಗ ಬಾ, ಹಾಗೇ ನನ್ನ ಫೋಟೊಗಳನ್ನೂ ತೆಗೆದುಕೊಂಡು ಬಾ ಎಂದು ಅವಳೇ ತನ್ನ ಕೋಟು ಬಿಚ್ಚಿ ಅವನ ಹೆಗಲಿಗೆ ಹಾಕಿದ್ದಳು. ತೋಳು ಗಿಡ್ಡವಾಯಿತು ಎಂದು ಇಬ್ಬರೂ ನಕ್ಕಿದ್ದರು. ಅವನು ಆಗಲೇ ಹೊರಬಂದಿರುತ್ತಾನೆ ಎಂದುಕೊಂಡು ಅವಳು ಕ್ಯಾಮೆರಾದ ಹತ್ತಿರ ಹೋಗಿ ನಿಂತಿದ್ದಳು.

"ಹಳೇ ಗ್ರಂಥಗಳ ಸಂಸ್ಥೆಯವರು ಕ್ಲೋಸ್‌ಅಪ್ಪಿಗೆ ಅಂತ ಒಂದು ನಿಜವಾದ ಸುರುಳಿ ಕೊಟ್ಟಿದ್ದರಲ್ಲ" ಎಂದ ಮಾಮ. "ವಾಪಸು ಕೊಟ್ಟದ್ದು ನಾನು ಬರೆದ ನಕಲು. ಅಸಲು ನನ್ನ ಕೈ ದಾಟಿ ಹೋಯಿತು. ಅದು ಯಾರಿಗೂ ತಿಳಿಯೋದಲ್ಲ. ಆದರೆ ನಿನ್ನ ನೋಟ್‌ಬುಕ್ಕಲ್ಲಿ ಎರಡು ಫೋಟೊ ಪಕ್ಕಪಕ್ಕ ಇದ್ದವು. ಅಸಲು ಬಂದ ದಿನದ್ದು, ನಕಲು ಹೋದ ದಿನದ್ದು. ಎರಡನೇದರ ಮೇಲೆ ನೀನು ಕೆಂಪು ಸುತ್ತು ಹಾಕಿದ್ದೆ. ಅಂಚಿನ ಕಲೆ ಬೇರೆ ಇದೆ ಅಂತ ನಿನಗೆ ಗೊತ್ತಾಗಿದೆ, ಇನ್ನು ನನ್ನ ಕಥೆ ಮುಗೀತು ಅಂದುಕೊಂಡೆ."

ಆ ಪುಟ ಅವಳಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಸುರುಳಿ ಹಿಡಿದ ನಾಯಕಿಯ ಕೈಯಲ್ಲಿ ಬಳೆ ಇರಲಿಲ್ಲ. ಕೆಂಪು ಸುತ್ತು ಹಾಕಿದ್ದು ಆ ಬರಿಗೈಗೆ. ಸುರುಳಿಯ ಅಂಚನ್ನು ಅವಳು ನೋಡಿಯೇ ಇರಲಿಲ್ಲ. ಯೂನಿಟ್ಟಿನ ಕಣ್ಣು ಎಂದು ಹೊಗಳಿಸಿಕೊಂಡವಳಿಗೆ ಕಣ್ಣೆದುರಿನ ಕಳ್ಳತನ ಕಾಣಲಿಲ್ಲ. ಕಾಣದ್ದನ್ನು ಕಂಡಳೆಂದು ನಂಬಿ ಈ ಮನುಷ್ಯ ಅವಳ ಅಣ್ಣನನ್ನು ಸುಟ್ಟಿದ್ದ.

"ಬಳೆ" ಎಂದಳು. "ಬಳೆ ಇರಲಿಲ್ಲ ಅಂತ ಸುತ್ತು ಹಾಕಿದ್ದು."

ಮಾಮನ ತಲೆ ನಿಧಾನವಾಗಿ ಮೇಲೆದ್ದಿತು. ಅವನು ಅವಳನ್ನೇ ನೋಡಿದ. ಕಣ್ಣಲ್ಲಿ ನೀರು ಬಂತು. ಅವಳಿಗೆ ಆ ನೀರನ್ನು ಕಂಡು ಇನ್ನಷ್ಟು ಅಸಹ್ಯವಾಯಿತು.

"ಅಳಬೇಡ. ಅತ್ತರೆ ಬೆಂಕಿ ಆರಲ್ಲ."

"ನಾನೊಬ್ಬನೇ ಮಾಡಿದ್ದಲ್ಲ ಮಗಳೇ. ಅಗುಳಿ ಹಾಕು ಅಂದವನು ಬೇರೆ, ಅಸಲನ್ನ ಇಟ್ಟುಕೊಂಡವನೂ ಅವನೇ. ನಕಲಿನ ಬಣ್ಣ ನನ್ನದು. ಹೊಗೆ ನನ್ನದಲ್ಲ. ಹೊಸ ಹಾಳೆಗೆ ಸಾವಿರ ವರ್ಷದ ಹೊಗೆ ಹಿಡಿಸಿ ಹಳೇದು ಮಾಡೋದು ನನ್ನ ಕೈಲಾಗೋ ಕೆಲಸ ಅಲ್ಲ."

"ಯಾರ ಕೈಲಾಗುತ್ತೆ?"

ಅವನ ಕಣ್ಣು ಅವಳ ಮುಖದಿಂದ ಜಾರಿ ಅವಳ ಕೈಯಲ್ಲಿದ್ದ ವಾಕಿಟಾಕಿಯ ಮೇಲೆ ನಿಂತಿತು. ಅದೇ ಹೊತ್ತಿಗೆ ಅದು ಮಾತಾಡಿತು.

"ಅಕ್ಕ, ಕೊನೇ ಸಲ. ಬಿಸಿಲು ಇಳೀತಿದೆ, ನಿರ್ದೇಶಕರು ಅವಸರ ಮಾಡ್ತಿದ್ದಾರೆ. ಒಳಗೆ ಯಾರಾದ್ರೂ ಇದ್ದಾರಾ?"

ಹೊಗೆ ಹಿಡಿಸುವವನು ಯೂನಿಟ್ಟಿನಲ್ಲಿ ಒಬ್ಬನೇ. ಅತ್ತಿಗೆಯ ಕಾಲು ಹಿಡಿದು ಅತ್ತವನು. ಆ ದಿನ ವಾಲ್ವು ತಿರುಗಿಸಿದವನು. ಬಾಗಿಲು ಹಾಕಿಸಿ, ಒಳಗೆ ಜೀವ ಇದೆ ಎಂದು ಗೊತ್ತಿದ್ದೂ ಬೆಂಕಿ ಬಿಟ್ಟವನು. ಈಗ ಇಷ್ಟು ಪ್ರೀತಿಯಿಂದ ಅಕ್ಕ ಎನ್ನುತ್ತಿರುವವನು.

ಅವಳಿಗೆ ಮಾಮನ ಮೇಲೆ ಕನಿಕರ ಹುಟ್ಟಲಿಲ್ಲ, ಕ್ಷಮೆಯಂತೂ ದೂರದ ಮಾತು. ಆದರೆ ಇವನೊಬ್ಬ ಸುಟ್ಟರೆ ಅವಳ ಸಿಟ್ಟು ಅರ್ಧ ಮಾತ್ರ ತೀರುತ್ತಿತ್ತು. ಇನ್ನರ್ಧ ವಾಲ್ವಿನ ಹತ್ತಿರ ಹಾಯಾಗಿ ನಿಂತಿರುತ್ತಿತ್ತು, ಅದರ ವಿರುದ್ಧ ಬಾಯಿ ಬಿಡಬಲ್ಲ ಒಬ್ಬನೇ ಸಾಕ್ಷಿಯನ್ನು ಅವಳೇ ಬೂದಿ ಮಾಡಿದಂತಾಗುತ್ತಿತ್ತು. ಅವಳಿಗೆ ಇಬ್ಬರೂ ಬೇಕಾಗಿದ್ದರು.

ಗುಂಡಿ ಒತ್ತಿದಳು.

"ಇದ್ದಾರೆ. ಬಣ್ಣದ ಮಾಮ ಒಳಗಿದ್ದಾರೆ. ಗ್ಯಾಸು ಬಿಡಬೇಡ."

ಆ ಕಡೆ ಸ್ವಲ್ಪ ಹೊತ್ತು ಬರೀ ಕರಕರ. ಆಮೇಲೆ ಅದೇ ಮೆತ್ತನೆಯ ದನಿ, "ಮಾಮನ ಹತ್ತಿರ ಮಾತಾಡಿದ್ರಾ ಅಕ್ಕ?" ಎಂದು ಕೇಳಿತು.

ಅವಳು ಜವಾಬು ಕೊಡಲಿಲ್ಲ. ಕೊಡದೆ ಇದ್ದದ್ದೇ ಜವಾಬಾಯಿತು.

"ಆಯ್ತು ಅಕ್ಕ" ಎಂದಿತು ದನಿ.

ಮರುಕ್ಷಣ ಮೈದಾನದ ದೊಡ್ಡ ಮೈಕಿನಲ್ಲಿ ಬೆಂಕಿಯಣ್ಣ ನಿರ್ದೇಶಕರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. "ಮೂರನೇ ಸಲವೂ ಹೇಳಿಬಿಟ್ರು ಸಾರ್. ಒಳಗೆ ಯಾರೂ ಇಲ್ಲ."

ಅವಳು ಎರಡೂ ಕೈಯಿಂದ ಅಗುಳಿ ಹಿಡಿದು ಎತ್ತಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಹಾಕಿ ನಿಲ್ಲಿಸಿ ಎಂದು ಕೂಗಿದಳು. ಅದೇ ಗಳಿಗೆಯಲ್ಲಿ ಇನ್ನೂರು ಜನ "ಸುಡಿ, ಸುಡಿ" ಎಂದು ಕಿರುಚಲು ಶುರುಮಾಡಿದರು. ಬಾಗಿಲ ಬುಡದ ಕೊಳವೆಯಲ್ಲಿ ಗ್ಯಾಸು ಹರಿದು ಬರುವ ಸದ್ದು ಅವಳಿಗೂ ಮಾಮನಿಗೂ ಒಟ್ಟಿಗೇ ಕೇಳಿಸಿತು.